ನಾಡು ಅಕ್ರೋಡು: ಬತ್ತಿಯಿಲ್ಲದೆ ಉರಿಯುವ ಕಾಯಿ

ಹಣತೆಯಿಲ್ಲ, ಎಣ್ಣೆಯಿಲ್ಲ, ಹೊಸೆದ ಬತ್ತಿಯೂ ಇಲ್ಲ. ಪೊರಕೆಯಿಂದ ಎಳೆದ ಒಂದು ತೆಂಗಿನ ಕಡ್ಡಿ, ಅದಕ್ಕೆ ಪೋಣಿಸಿದ ಐದು ಬೆಳ್ಳನೆಯ ತಿರುಳು, ಮೇಲಿನ ತಿರುಳಿಗೆ ತಾಗಿಸಿದ ಒಂದು ಬೆಂಕಿಕಡ್ಡಿ, ಇಷ್ಟೇ ಪರಿಕರ. ಕಾರ್ತಿಕ ಮಾಸದ ಒಂದು ಸಂಜೆ ಬಿನ್ನಿಪೇಟೆಯ ನಮ್ಮ ವಠಾರದ ಜಗಲಿಯ ಮೇಲೆ ಈ ದೀಪ ಹೊತ್ತಿಕೊಂಡಿತು. ಮೊದಲು ತಿರುಳಿನ ಅಂಚು ಕಂದಿತು. ಸಣ್ಣಗೆ ಚಿಟಪಟ ಸದ್ದಾಯಿತು. ಬೆವರು ಒಡೆದಂತೆ ಮೈಯೆಲ್ಲ ಎಣ್ಣೆ ಜಿನುಗಿತು. ಮರುಕ್ಷಣವೇ ಹೊಂಬಣ್ಣದ ಜ್ವಾಲೆಯೊಂದು ಎದ್ದು ನಿಂತಿತು. ತುದಿಯಲ್ಲಿ ಕಪ್ಪು ಹೊಗೆಯ ಎಳೆ, ಸುತ್ತಲೂ ಹುರಿದ ಕಡಲೆಕಾಯಿಯದೇ ಎನ್ನಬಹುದಾದ ಪರಿಮಳ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ಹಿರಿಯರು ವಾಸನೆ ಹಿಡಿದು ಹೊರಬಂದು, "ಏನಪ್ಪಾ ಇದು, ಗೋಡಂಬಿ ಸುಡ್ತಿದ್ದೀಯ?" ಎಂದು ಕೇಳಿದರು. ಅಕ್ರೋಡು ಎಂದೆ. "ಅಕ್ರೋಟು ಹಿಂಗೆಲ್ಲ ಉರಿಯುತ್ತಾ?" ಎನ್ನುತ್ತ ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೊದಲ ತಿರುಳು ಕರಿಕಾಗುವ ಹೊತ್ತಿಗೆ ಜ್ವಾಲೆ ತಾನಾಗಿ ಎರಡನೆಯದಕ್ಕೆ ಇಳಿದಿತ್ತು.

ಅವರ ಪ್ರಶ್ನೆ ಸಹಜವಾದದ್ದು. ಒಣಹಣ್ಣಿನ ಅಂಗಡಿಯ ಗಾಜಿನ ಭರಣಿಯಲ್ಲಿ ಬಾದಾಮಿ, ಪಿಸ್ತಾಗಳ ಪಕ್ಕದಲ್ಲಿ ವಿರಾಜಮಾನವಾಗಿರುವ, ಮೆದುಳಿನ ಆಕೃತಿಯ ಆ ಅಕ್ರೋಟು ಬೇರೆ. ಅದು ಹಿಮಾಲಯದ ಚಳಿಯ ಕೂಸು. ದಕ್ಷಿಣದ ಬಯಲಿನಲ್ಲಿ ಅದಕ್ಕೆ ಬಾಳುವೆಯಿಲ್ಲ. ನಮ್ಮ ಜಗಲಿಯಲ್ಲಿ ಉರಿದದ್ದು ಕೊಡಗಿನ ತೋಟವೊಂದರಿಂದ ಬಂಧುವೊಬ್ಬರು ಬಟ್ಟೆಯ ಚೀಲದಲ್ಲಿ ತುಂಬಿ ತಂದಿತ್ತ ಕಾಯಿ. ಹಿಂದಿಯವರು ಇದನ್ನು ಜಂಗ್ಲಿ ಅಖ್ರೋಟ್ ಎಂದು ಕರೆದು ಕಾಡಿಗೆ ಅಟ್ಟಿದರು. ಕನ್ನಡವಾದರೋ ಅದನ್ನು ನಾಡು ಅಕ್ರೋಡು ಎಂದು ಕರೆದು ನಾಡಿನೊಳಕ್ಕೆ ಕರೆದುಕೊಂಡಿತು. ತಮಿಳು, ತೆಲುಗುಗಳ ಹೆಸರೂ ಇದೇ ಜಾಡಿನದು. ಕಾಡು ಮತ್ತು ನಾಡು ಎಂಬ ಎರಡೇ ಮಾತುಗಳಲ್ಲಿ ಲೋಕವನ್ನು ಪಾಲು ಮಾಡಿಕೊಂಡ ನಮ್ಮ ಭಾಷೆ ಈ ಮರವನ್ನು ಯಾವ ಪಾಲಿಗೆ ಸೇರಿಸಿತು ಎಂಬುದು ಸಣ್ಣ ಸಂಗತಿಯೇನಲ್ಲ. ಈ ವೃಕ್ಷದ ಸಮಗ್ರ ಇತಿಹಾಸವನ್ನು ಕೆದಕಿದವರಿಗೆ ಕನ್ನಡದ ಹೆಸರೇ ಸತ್ಯಕ್ಕೆ ಹತ್ತಿರ ಎಂದು ಅನಿಸದೆ ಇರದು. ಮನುಷ್ಯನ ಜೊತೆಗೆ ದೋಣಿಯೇರಿ ಸಾಗರಗಳನ್ನು ದಾಟಿದ, ಅವನ ಒಲೆ, ದೀಪ, ಪೂಜೆ, ಆಟ ಎಲ್ಲದರಲ್ಲೂ ಪಾಲ್ಗೊಂಡ ಮರ ಇದು. ಇದನ್ನು ಕಾಡುಮರವೆನ್ನಲು ಮನಸ್ಸು ಒಪ್ಪುವುದಿಲ್ಲ.

ಹಿಟ್ಟು ಪೂಸಿದ ಮರ

ಸಸ್ಯಶಾಸ್ತ್ರದಲ್ಲಿ ಇದರ ನಾಮಧೇಯ ಅಲ್ಯೂರೈಟಿಸ್ ಮೊಲುಕ್ಕಾನಸ್. ಮೊದಲ ಪದದ ಮೂಲ ಹಿಟ್ಟು ಎಂಬರ್ಥದ ಗ್ರೀಕ್ ಶಬ್ದ. ಎರಡನೆಯದು ಇಂಡೋನೇಷ್ಯಾದ ಮೊಲುಕ್ಕಾ ದ್ವೀಪಗಳನ್ನು ಸೂಚಿಸುತ್ತದೆ. ಮರವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಈ ಹಿಟ್ಟಿನ ಮಾತು ಥಟ್ಟನೆ ಅರ್ಥವಾಗುತ್ತದೆ. ಎಳೆಯ ಎಲೆ, ಚಿಗುರು, ಹೂಗೊಂಚಲಿನ ತೊಟ್ಟು ಎಲ್ಲದರ ಮೇಲೂ ನವುರಾದ ಬಿಳಿ ರೋಮಗಳ ಲೇಪನವಿದೆ. ಮುಂಜಾನೆ ರಂಗೋಲಿ ಪುಡಿಯನ್ನು ಯಾರೋ ಮರದ ನೆತ್ತಿಯ ಮೇಲೆ ಉದುರಿಸಿ ಹೋದಂತೆ ಕಾಣುತ್ತದೆ. ದೂರದಿಂದ ನೋಡಿದರೆ ಕಡುಹಸುರಿನ ಮರಗಳ ನಡುವೆ ಇದೊಂದೇ ಬೆಳ್ಳಿ ಬೆರೆತ ಹಸುರಾಗಿ ಎದ್ದು ತೋರುತ್ತದೆ. ಇದು 15ರಿಂದ 25 ಮೀಟರ್ ಎತ್ತರಕ್ಕೆ ಬೆಳೆದು ವಿಶಾಲವಾಗಿ ಕೊಂಬೆ ಹರಡುವ ನಿತ್ಯಹರಿದ್ವರ್ಣ ವೃಕ್ಷ. ಎಳೆಯ ಗಿಡದ ಎಲೆಗೆ ಮೂರರಿಂದ ಐದು ಹಾಲೆಗಳು. ಬಲಿತ ಮರದಲ್ಲಿ ಅದು ಸರಳವಾಗಿ, ತುದಿ ಚೂಪಾದ ಅಂಡಾಕೃತಿ ತಾಳುತ್ತದೆ. ತೊಟ್ಟು ಎಲೆಯನ್ನು ಸೇರುವ ಜಾಗದಲ್ಲಿ ಪುಟ್ಟ ಗ್ರಂಥಿಗಳ ಒಂದು ಜೋಡಿಯಿದ್ದು, ಮರದ ಗುರುತು ಹಿಡಿಯಲು ಸಹಾಯಕವಾಗುತ್ತದೆ. ಹೂಗಳು ಚಿಕ್ಕವು, ಕೆನೆಬಿಳುಪಿನವು, ನಸುಗಂಪಿನವು. ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿ ಅರಳುತ್ತವೆ. ಕಾಯಿ ದುಂಡಗೆ, ನಾಲ್ಕರಿಂದ ಆರು ಸೆಂಟಿಮೀಟರ್ ವ್ಯಾಸದ್ದು. ಅದರ ಒಳಗೆ ಒಂದು ಅಥವಾ ಎರಡು ಬೀಜಗಳು ಕಲ್ಲಿನಂಥ ಕರಟದಲ್ಲಿ ಭದ್ರವಾಗಿರುತ್ತವೆ.

ಅಕ್ರೋಟಿಗೂ ಇದಕ್ಕೂ ರಕ್ತಸಂಬಂಧವಿದೆಯೇ ಎಂದರೆ ಎಳ್ಳಷ್ಟೂ ಇಲ್ಲ. ಹಿಮಾಲಯದ ಅಕ್ರೋಟು ಜಗ್ಲಾಂಡೇಸಿ ಕುಟುಂಬದ್ದು. ನಾಡು ಅಕ್ರೋಡು ನಮ್ಮ ಹರಳುಗಿಡದ ವಂಶಸ್ಥ. ಔಡಲ, ರಬ್ಬರ್, ಮರಗೆಣಸುಗಳೆಲ್ಲ ಸೇರಿರುವ ಯೂಫೋರ್ಬಿಯೇಸಿ ಕುಟುಂಬದಲ್ಲಿ ಇದರ ಸ್ಥಾನ. ಕಾರ್ಲ್ ಲಿನೇಯಸ್ 1753ರಲ್ಲಿ ಇದಕ್ಕೆ ಮೊದಲ ಬಾರಿಗೆ ನಾಮಕರಣ ಮಾಡಿದಾಗ ಕಾಡುಹರಳಿನ ಜಾತಿಯಾದ ಜಟ್ರೋಫಾದೊಳಗೇ ಇದನ್ನು ಸೇರಿಸಿದ್ದ. ಕ್ಯಾಪ್ಟನ್ ಕುಕ್‌ನ ಎರಡನೆಯ ಸಾಗರಯಾನದಲ್ಲಿ (1772–75) ಜೊತೆಗಿದ್ದ ಫಾರ್ಸ್ಟರ್ ತಂದೆ-ಮಗ ಅಲ್ಯೂರೈಟಿಸ್ ಎಂಬ ಪ್ರತ್ಯೇಕ ಜಾತಿಯನ್ನು ಸ್ಥಾಪಿಸಿದರು. 1805ರಲ್ಲಿ ಜರ್ಮನಿಯ ವಿಲ್ಡೆನೋವ್ ಈ ಎರಡನ್ನೂ ಹೊಂದಿಸಿ ಇಂದಿನ ಹೆಸರನ್ನು ರೂಪಿಸಿದ. ಎಣ್ಣೆ ಬೀಜ ಕಂಡ ಕೂಡಲೇ ಹರಳಿನ ನೆನಪಾಯಿತಲ್ಲ ಲಿನೇಯಸ್ ಎಂಬ ಆ ಮಹಾವಿಜ್ಞಾನಿಗೆ, ಆ ಊಹೆ ಎಷ್ಟು ಸಮೀಪದ್ದಾಗಿತ್ತು!

ಹಾಗಾದರೆ ಅಕ್ರೋಡು ಎಂಬ ಹೆಸರು ಇದಕ್ಕೆ ಹೇಗೆ ಅಂಟಿತು? ಕರಟದ ಸುಕ್ಕು, ಅದರ ಗಡಸು, ಒಳಗಿನ ಎಣ್ಣೆಯ ತಿರುಳು, ಈ ಮೂರೂ ಹೋಲುವುದರಿಂದ. ಅಕ್ರೋಡು ಎಂಬ ಪದದ ಮೂಲ ಸಂಸ್ಕೃತದ ಅಕ್ಷೋಟ. ಚರಕ ಸಂಹಿತೆಯ ಫಲವರ್ಗದಲ್ಲಿ ಬಾದಾಮಿಯ ಜೊತೆಗೆ ಅದರ ಪ್ರಸ್ತಾಪವಿದೆ. ಅಮರಕೋಶವಂತೂ ಬೆಟ್ಟದಲ್ಲಿ ಹುಟ್ಟುವ ಪೀಲುವೇ ಅಕ್ಷೋಟ, ಅದಕ್ಕೆ ಕಂದರಾಲವೆಂದೂ ಹೆಸರು ಎನ್ನುತ್ತದೆ. ಕೋಶಕಾರನಿಗೂ ತನ್ನ ಊರಿನ ಪರಿಚಿತ ಮರವೊಂದರ ಹೆಗಲ ಮೇಲೆ ಕೈಯಿಟ್ಟೇ ದೂರದ ಬೆಟ್ಟದ ಮರವನ್ನು ಪರಿಚಯಿಸಬೇಕಾಯಿತು. ಕನ್ನಡಿಗರು ಮಾಡಿದ್ದೂ ಇದನ್ನೇ. ಪೇಟೆಯ ಅಂಗಡಿಗೆ ದೂರದಿಂದ ಬರುತ್ತಿದ್ದ ದುಬಾರಿ ಅಕ್ರೋಡು ಒಂದು ಕಡೆ. ಇಲ್ಲೇ ನೆಲದಲ್ಲಿ ಬೆಳೆಯುವ ನಾಡು ಅಕ್ರೋಡು ಇನ್ನೊಂದು ಕಡೆ. ನಾಟಿ ಕೋಳಿ, ನಾಟಿ ಔಷಧ ಎನ್ನುವಾಗ ನಮ್ಮ ಬಾಯಲ್ಲಿರುವ ಆಪ್ತತೆಯೇ ಈ ಹೆಸರಿನಲ್ಲೂ ಇದೆ.

ಆಂಗ್ಲರು ಇಟ್ಟ ಒಂದು ಹೆಸರಂತೂ ಕನ್ನಡಿಗರ ಕಿವಿ ನಿಮಿರುವಂತಹದು. ಹತ್ತೊಂಬತ್ತನೆಯ ಶತಮಾನದ ಅವರ ಸಸ್ಯಕೋಶಗಳಲ್ಲಿ ಈ ಮರ ಬೆಲ್ಗಾಂ ವಾಲ್ನಟ್, ಅಂದರೆ ಬೆಳಗಾವಿಯ ಅಕ್ರೋಟು! ಸಾಗರಗಳಾಚೆಯ ಮೊಲುಕ್ಕಾದ ಹೆಸರು ಶಾಸ್ತ್ರಗ್ರಂಥದಲ್ಲಿದ್ದರೆ, ನಮ್ಮ ಗಡಿಜಿಲ್ಲೆಯ ಹೆಸರು ವ್ಯವಹಾರದಲ್ಲಿತ್ತು. ಮಲೆನಾಡಿನ ಅಂಚಿನ ಆ ಊರಿನ ಹವೆ ಈ ಮರಕ್ಕೆ ಅಷ್ಟು ಒಗ್ಗಿತ್ತು ಎಂದು ಭಾವಿಸಲು ಅಡ್ಡಿಯಿಲ್ಲ. ಇಂಥ ಎರವಲು ಹೆಸರುಗಳ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡಬೇಕು. ನಮ್ಮ ಬಾಗೆ ಮರ, ಕವಿಗಳ ಶಿರೀಷ, ಮರಮುಟ್ಟಿನ ವ್ಯಾಪಾರದಲ್ಲಿ ಈಸ್ಟ್ ಇಂಡಿಯನ್ ವಾಲ್ನಟ್ ಆಗಿತ್ತು. ಅದರ ಕಂದುಬಣ್ಣದ ಚೇಗು ಅಕ್ರೋಟಿನ ಚೇಗನ್ನು ಹೋಲುತ್ತದೆ ಎಂಬುದಷ್ಟೇ ಕಾರಣ.

ದೋಣಿಯೇರಿದ ದೀಪ

ಈ ವೃಕ್ಷದ ತವರು ಇಂಥದ್ದೇ ದ್ವೀಪ ಎಂದು ಬೆರಳಿಟ್ಟು ತೋರಿಸಲು ಇಂದು ಸಾಧ್ಯವಿಲ್ಲ. ಮನುಷ್ಯ ಅಷ್ಟು ಪ್ರಾಚೀನ ಕಾಲದಲ್ಲೇ ಅದನ್ನು ಹೊತ್ತು ತಿರುಗಿದ. ಆಗ್ನೇಯ ಏಷ್ಯಾದ ದ್ವೀಪಸಮೂಹ ಅದರ ಮೂಲನೆಲೆ ಎಂಬುದು ವಿದ್ವಾಂಸರ ಒಮ್ಮತ. ತಿಮೋರ್ ದ್ವೀಪದ ಗುಹೆಗಳ ಉತ್ಖನನದಲ್ಲಿ ಸಿಕ್ಕ ಇದರ ಕರಟದ ಚೂರುಗಳು ಸುಮಾರು 13,000 ವರ್ಷಗಳಷ್ಟು ಹಳೆಯವು. ಬೇಸಾಯ ಎಂಬುದು ಇನ್ನೂ ಕಣ್ಣುಬಿಡದ ಕಾಲವದು. ಆಮೇಲೆ ಹುಟ್ಟುದೋಣಿಗಳಲ್ಲಿ ಶಾಂತಸಾಗರವನ್ನು ದಾಟುತ್ತ ಹೋದ ಆಸ್ಟ್ರೊನೇಷ್ಯನ್ ಜನಾಂಗ ಬಾಳೆ, ಕೆಸು, ತೆಂಗು, ಹಲಸಿನ ಬಳಗದ ದೀವಿಹಲಸುಗಳ ಜೊತೆ ಈ ಕಾಯಿಯನ್ನೂ ದೋಣಿಗೆ ಹಾಕಿಕೊಂಡಿತು. ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತ ಸುಮಾರು ಸಾವಿರ ವರ್ಷಗಳ ಹಿಂದೆ ಅದು ಹವಾಯಿಯನ್ನು ತಲುಪಿತು. ಕಂಗಾಣದ ಕಡಲಿನಲ್ಲಿ ತಿಂಗಳುಗಟ್ಟಲೆ ತೇಲುವವರು ತಮ್ಮ ಮುಂದಿನ ಮನೆಗೆ ಬೇಕಾದ ಬೆಳಕನ್ನು ಬೀಜರೂಪದಲ್ಲಿ ಒಯ್ದರು ಎಂಬ ಕಲ್ಪನೆಯೇ ರೋಮಾಂಚಕ.

ಹೆಸರಿನ ಪಯಣವೂ ಅಷ್ಟೇ ರಮ್ಯ. ಟೋಂಗಾ ದ್ವೀಪದವರು ಇದನ್ನು ತುಇತುಇ ಎನ್ನುತ್ತಾರೆ. ತುಇ ಎಂದರೆ ಅವರ ಭಾಷೆಯಲ್ಲಿ ಹೊಲಿ, ಪೋಣಿಸು. ತಿರುಳುಗಳನ್ನು ಕಡ್ಡಿಗೆ ಪೋಣಿಸಿ ದೀಪ ಮಾಡುತ್ತಿದ್ದುದೇ ಈ ಹೆಸರಿಗೆ ಮೂಲ. ಹವಾಯಿ ಭಾಷೆಯಲ್ಲಿ ಕಾಲಾಂತರದಲ್ಲಿ ತಕಾರ ಕಕಾರವಾಗುತ್ತ ಬಂತು. ಪಾಲು ಹಾಲಾಗಿ, ಪೂ ಹೂವಾದ ಕನ್ನಡದಲ್ಲಿ ಪಕಾರ ಹಕಾರವಾದಂತೆ. ಹಾಗೆ ತುಇತುಇ ಕುಕುಇ ಆಯಿತು. ಅಲ್ಲಿಗೂ ನಿಲ್ಲದೆ, ಹವಾಯಿಯಲ್ಲಿ ಕುಕುಇ ಎಂಬುದಕ್ಕೆ ದೀಪ, ಬೆಳಕು ಎಂಬ ಅರ್ಥವೇ ಬಂದುಬಿಟ್ಟಿತು. ಮರದ ಹೆಸರೇ ಬೆಳಕಿನ ಹೆಸರಾದ ಭಾಷೆ ಲೋಕದಲ್ಲಿ ಇನ್ನೆಷ್ಟಿದ್ದೀತು!

ಆ ದ್ವೀಪವಾಸಿಗಳು ಇದರಿಂದ ಪಡೆದ ಪ್ರಯೋಜನಗಳನ್ನು ಕೇಳಿದರೆ ನಮ್ಮ ತೆಂಗಿನ ಮರ ಕಣ್ಣ ಮುಂದೆ ಬರುತ್ತದೆ. ಕಡ್ಡಿಗೆ ಪೋಣಿಸಿದ ಒಂದೊಂದು ತಿರುಳು ಸುಮಾರು ಕಾಲು ಗಂಟೆ ಉರಿಯುತ್ತದೆ; ಆದ್ದರಿಂದ ಅದೇ ಅವರ ಗಡಿಯಾರವಾಗಿತ್ತು. ಈ ದೀಪ ನಂದುವ ಹೊತ್ತಿಗೆ ಬಾ ಎಂದರೆ ಇಷ್ಟೇ ಸಮಯ ಎಂದು ಗೊತ್ತಾಗುತ್ತಿತ್ತು. ಪುರಾತನ ಪೇಟೆಗಳ ನಮ್ಮ ಘಳಿಗೆಬಟ್ಟಲಿನಂತೆಯೇ ಕಾಲವನ್ನು ಕಣ್ಣಿಗೆ ಕಾಣಿಸುವ ಉಪಾಯ ಇದು. ಸುಟ್ಟ ತಿರುಳಿನ ಕಾಡಿಗೆಯಿಂದ ಹಚ್ಚೆಯ ಮಸಿ ತಯಾರಾಗುತ್ತಿತ್ತು. ಎಣ್ಣೆಯಿಂದ ದೋಣಿಯ ಮೈಗೆ ಹೊಳಪಿನ ಲೇಪ. ತೊಗಟೆ ಮತ್ತು ಬೇರಿನಿಂದ ಬಟ್ಟೆಗೆ ಬಣ್ಣ. ಮೀನುಗಾರ ತಿರುಳನ್ನು ಅಗಿದು ಅಲೆಯ ಮೇಲೆ ಉಗಿದರೆ ಎಣ್ಣೆಯ ಪೊರೆ ಹರಡಿ ನೀರು ಕ್ಷಣಕಾಲ ಕನ್ನಡಿಯಾಗುತ್ತದೆ, ತಳದ ಮೀನು ಸ್ಪಷ್ಟವಾಗಿ ಕಾಣುತ್ತದೆ. ಭೌತಶಾಸ್ತ್ರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರಯೋಗಾಲಯ ಕಲಿಸೀತು? ಹುರಿದು ಪುಡಿಮಾಡಿ ಉಪ್ಪು ಬೆರೆಸಿದರೆ ಇನಮೊನ ಎಂಬ ವ್ಯಂಜನ; ನಮ್ಮ ಹುಚ್ಚೆಳ್ಳು ಚಟ್ನಿಪುಡಿಯ ದೂರದ ನೆಂಟ. ಕರಟವನ್ನು ಉಜ್ಜಿ ಹೊಳಪೇರಿಸಿ ಕಟ್ಟಿದ ಕಪ್ಪು ಮಣಿಮಾಲೆ ಅಲ್ಲಿ ಗೌರವದ ಸಂಕೇತ. 1959ರಲ್ಲಿ ಹವಾಯಿ ಇದನ್ನು ತನ್ನ ಅಧಿಕೃತ ರಾಜ್ಯವೃಕ್ಷವೆಂದು ಘೋಷಿಸಿಕೊಂಡಿತು.

ಇಂಡೋನೇಷ್ಯಾದಲ್ಲಿ ಇದೇ ಕಾಯಿ ಕೆಮಿರಿ. ಅಲ್ಲಿನ ಅಡುಗೆಮನೆಯಲ್ಲಿ ಅದು ಇಲ್ಲದ ದಿನವಿಲ್ಲ. ನಾವು ಸಾಗುವಿಗೆ ಗಸಗಸೆ, ಗೋಡಂಬಿ ಅರೆದು ಹಾಕುವ ಹಾಗೆ ಅವರು ಹುರಿದ ಕೆಮಿರಿಯನ್ನು ಮೆಣಸಿನಕಾಯಿ, ಅರಿಶಿನ, ಬೆಳ್ಳುಳ್ಳಿಗಳ ಜೊತೆ ಅರೆದು ಮಸಾಲೆಗೆ ಮಂದ ತರುತ್ತಾರೆ. ಮಲೇಷ್ಯಾದಲ್ಲಿ ಅದರ ಹೆಸರು ಬುವಾ ಕೆರಸ್, ಎಂದರೆ ಗಟ್ಟಿ ಕಾಯಿ. ಜಾವಾದ ಹುಡುಗರಿಗೆ ಈ ಗಟ್ಟಿತನವೇ ಆಟದ ಬಂಡವಾಳ. ಒಂದರ ಮೇಲೊಂದು ಕಾಯಿಯಿಟ್ಟು ಬಡಿದು, ಯಾರ ಕಾಯಿ ಒಡೆಯದೆ ಉಳಿಯಿತೋ ಅವರಿಗೆ ಜಯ. ಯುಗಾದಿಯಂದು ಹಳ್ಳಿಗಳಲ್ಲಿ ತೆಂಗಿನಕಾಯಿ ಪಂದ್ಯ ಕಟ್ಟುವವರಿಗೆ ಈ ಉಮೇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಟದೊಳಗಿನ ಸಂಪತ್ತು

ಕಾಯಿಯ ಗಡಸುತನ ಎಂಥದ್ದೆಂದು ನಮಗೂ ಜಗಲಿಯ ಆ ಸಂಜೆ ಮನದಟ್ಟಾಯಿತು. ಮನೆಯ ಹಳೆಯ ಒರಳುಕಲ್ಲಿನ ಮೇಲೆ ಇಟ್ಟು ಗುಂಡುಕಲ್ಲಿನಿಂದ ಬಡಿದರೆ ಮೊದಲ ಕಾಯಿ ಪುಟಿದು ಅಂಗಳದಾಚೆ ಹಾರಿತು. ಎರಡನೆಯದು ಒಡೆಯಿತು, ಆದರೆ ತಿರುಳು ಕರಟಕ್ಕೇ ಕಚ್ಚಿಕೊಂಡು ಚೂರುಚೂರಾಯಿತು. ಆಗ ದ್ವೀಪವಾಸಿಗಳ ವಿಧಾನವನ್ನೇ ಅನುಸರಿಸಿದ್ದಾಯಿತು. ಬಾಣಲೆಯಲ್ಲಿ ಮರಳು ಕಾಯಿಸಿ, ಪುರಿ ಹುರಿಯುವವರ ಹಾಗೆ ಕಾಯಿಗಳನ್ನು ಅದರಲ್ಲಿ ಆಡಿಸಿ, ಬಿಸಿಯಿರುವಾಗಲೇ ತಣ್ಣೀರಿಗೆ ಹಾಕಿದೆವು. ಟಪ್ಪೆಂಬ ಸದ್ದಿನೊಂದಿಗೆ ಕರಟ ಬಿರುಕು ಬಿಟ್ಟಿತು. ಹೊರಬಂದ ತಿರುಳು ದಂತದ ಬಣ್ಣದ್ದು. ಉಗುರಿನಿಂದ ಗೀರಿದರೆ ಸೋಪಿನಂತೆ ಮೃದು. ಬೆರಳಿಗೆ ಅಂಟಿದ ಜಿಡ್ಡು ಬಟ್ಟೆಯಿಂದ ಒರೆಸಿದರೂ ಪೂರ್ತಿ ಹೋಗದು.

ಆ ಜಿಡ್ಡಿನಲ್ಲೇ ಈ ಮರದ ಮಹಿಮೆ ಅಡಗಿದೆ. ತಿರುಳಿನ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಎಣ್ಣೆ. ಎಣ್ಣೆಗಳಲ್ಲಿ ಎರಡು ಬಗೆ. ಹರಳೆಣ್ಣೆ, ಹೊಂಗೆಯೆಣ್ಣೆಗಳು ತಟ್ಟೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಒಣಗದೆ ಎಣ್ಣೆಯಾಗಿಯೇ ಇರುತ್ತವೆ. ಅಗಸೆಯೆಣ್ಣೆಯಂಥವು ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ತೆಳುವಾದ ಗಟ್ಟಿ ಪೊರೆಯಾಗಿ ಒಣಗುತ್ತವೆ. ನಾಡು ಅಕ್ರೋಡಿನ ಎಣ್ಣೆ ಈ ಎರಡನೆಯ ವರ್ಗದ್ದು. ಲಿನೋಲಿಕ್ ಮತ್ತು ಲಿನೋಲೆನಿಕ್ ಎಂಬ ಅಪರ್ಯಾಪ್ತ ಮೇದಾಮ್ಲಗಳು ಅದರಲ್ಲಿ ಹೇರಳವಾಗಿರುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಅದು ಬಣ್ಣ, ವಾರ್ನಿಷ್, ಸಾಬೂನುಗಳ ತಯಾರಿಕೆಗೆ ಒದಗಿತು. ಫಿಲಿಪೀನ್ಸ್‌ನ ಹೆಸರಿನಿಂದ ಲುಂಬಾಂಗ್ ಎಣ್ಣೆಯೆಂದು ವಿಶ್ವದ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಯಿತು. ಇಂದು ಕೇಶತೈಲ ಮತ್ತು ಚರ್ಮದ ಪ್ರಸಾಧನಗಳಲ್ಲಿ ಕುಕುಇ ಎಣ್ಣೆಯೆಂಬ ಹೆಸರಿನಲ್ಲಿ ಬೆಲೆಬಾಳುತ್ತಿದೆ. ಜೈವಿಕ ಡೀಸೆಲ್ ಆಗಿ ಬಳಸುವ ಸಾಧ್ಯತೆಯನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕರುಗಳಿಗೆ ಯೋಗ್ಯವಲ್ಲ, ಆದರೆ ಹರಳುಹಿಂಡಿಯ ಹಾಗೆ ಹೊಲಕ್ಕೆ ಸಾರವತ್ತಾದ ಗೊಬ್ಬರ. ಮರದ ದಿಮ್ಮಿ ಹಗುರ, ಮೆದು, ಗೆದ್ದಲಿಗೂ ಕೊಳೆತಕ್ಕೂ ಬೇಗ ತುತ್ತಾಗುವಂಥದ್ದು. ಪೀಠೋಪಕರಣಕ್ಕೆ ಸಲ್ಲದು, ಅಷ್ಟೇ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನು ಅಷ್ಟೇ ದೃಢವಾಗಿ ಹೇಳಬೇಕು. ಈ ತಿರುಳನ್ನು ಹಸಿಯಾಗಿ ತಿನ್ನಲೇಕೂಡದು. ಹರಳಿನ ಕುಟುಂಬದ ಬೀಜಗಳ ಸ್ವಭಾವ ಇದರಲ್ಲೂ ಇದ್ದು, ವಾಂತಿ, ಭೇದಿ, ಹೊಟ್ಟೆಯ ತೀವ್ರ ನೋವು ಉಂಟಾಗುತ್ತದೆ. ಕೆಮಿರಿ ತಿನ್ನುವ ಜನರೂ ಚೆನ್ನಾಗಿ ಹುರಿದು ಬೇಯಿಸಿ, ಮಸಾಲೆಯ ಪ್ರಮಾಣದಲ್ಲಷ್ಟೇ ಬಳಸುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಮೈ ಇಳಿಸುವ ಮದ್ದೆಂದು ಇದನ್ನು 'ಇಂಡಿಯಾದ ಕಾಯಿ' ಎಂಬ ಹೆಸರಿನಲ್ಲಿ ಮಾರುವ ಚಾಳಿ ಹಬ್ಬಿತ್ತು. ಜನ ಅಸ್ವಸ್ಥರಾದ ಮೇಲೆ ಬ್ರೆಜಿಲ್‌ನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಇನ್ನೂ ಭಯಾನಕವಾದದ್ದೆಂದರೆ, ಇದರ ಹೆಸರಿನಲ್ಲಿ ಹಳದಿ ಕಣಗಿಲೆಯ ಬೀಜ ಮಾರಾಟವಾದದ್ದು. ನಮ್ಮ ಗುಡಿಗಳ ಬೇಲಿಯಲ್ಲಿ, ಉದ್ಯಾನಗಳ ಅಂಚಿನಲ್ಲಿ ಗಂಟೆಯಾಕಾರದ ಹಳದಿ ಹೂ ಬಿಡುವ ಅದೇ ಗಿಡ. ಅದರ ಬೀಜ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ಘೋರವಿಷ. ಮಕ್ಕಳಿರುವ ಮನೆಯವರು ಇವೆರಡನ್ನೂ ಗುರುತಿಸಲು ಕಲಿಯುವುದು ಒಳಿತು. ಕಣಗಿಲೆಯ ಎಲೆ ಬೆರಳಿನಂತೆ ಸಪುರ, ಮುರಿದರೆ ಹಾಲು ಸುರಿಯುತ್ತದೆ. ನಾಡು ಅಕ್ರೋಡಿನ ಎಲೆ ಅಂಗೈಯಗಲ, ಹಿಟ್ಟು ಪೂಸಿದಂಥದ್ದು.

ಬೆಳಕಿನ ಪೇಟೆಯಲ್ಲಿ

ಬೆಂಗಳೂರಿಗೆ ಎಣ್ಣೆ ಮತ್ತು ಬೆಳಕಿನ ನಂಟು ಹೊಸತಲ್ಲ. ಹಳೆಯ ಪೇಟೆಯಲ್ಲಿ ಅಕ್ಕಿಪೇಟೆ, ಅರಳೆಪೇಟೆಗಳ ಸಾಲಿನಲ್ಲಿ ಗಾಣಿಗರಪೇಟೆಗೂ ಸ್ಥಾನವಿತ್ತು. ಮನೆಯ ದೀಪಕ್ಕೆ ಹರಳೆಣ್ಣೆ, ದನದ ಕೊಟ್ಟಿಗೆಯ ದೀಪಕ್ಕೆ ಹೊಂಗೆಯೆಣ್ಣೆ, ಉತ್ಸವದ ಮುಂದೆ ಎಣ್ಣೆಯಲ್ಲಿ ಅದ್ದಿದ ದೀವಟಿಗೆ. ಇಂಥ ಊರಿನ ಪಶ್ಚಿಮದ ಅಂಚಿನಲ್ಲಿ 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾಯಿತು. ಆಮೇಲೆ ಅದು ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು, ಸುತ್ತಲಿನ ಬಡಾವಣೆಗೆ ಬಿನ್ನಿಪೇಟೆ ಎಂಬ ಹೆಸರು ನಿಂತಿತು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಮಲ್ಲೇಶ್ವರ, ಬಸವನಗುಡಿಗಳು ತಲೆಯೆತ್ತಿದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದುಬಂದು ಬೀದಿದೀಪಗಳು ಬೆಳಗಿದವು. ಏಷ್ಯಾದಲ್ಲೇ ಮೊದಲ ಸಾಲಿನಲ್ಲಿ ವಿದ್ಯುದ್ದೀಪ ಕಂಡ ನಗರಗಳಲ್ಲಿ ಒಂದೆಂಬ ಕೀರ್ತಿ ನಮ್ಮದಾಯಿತು. ಆ ಬೆಳಕಿನಲ್ಲಿ ಎಣ್ಣೆಬೀಜಗಳ ಬೆಳಕು ಮಸುಕಾದದ್ದು ಅನಿವಾರ್ಯವೇ. ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದ ನಮ್ಮ ಹಿರಿಯರು ಗಿರಣಿಯ ಸೈರನ್ನಿಗೆ ಎದ್ದು, ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಮುಖ ತೊಳೆದು ಪಾಳಿಗೆ ಹೋಗುತ್ತಿದ್ದ ದಿನಗಳನ್ನು ಆ ಸಂಜೆ ನೆನೆದರು. ಈಗ ಗಿರಣಿಯ ಜಾಗದಲ್ಲಿ ಗಗನಚುಂಬಿ ವಸತಿಸಮುಚ್ಚಯಗಳು ನಿಂತಿವೆ. ಮೂರನೆಯ ತಿರುಳು ಉರಿಯುತ್ತಿರುವಾಗ ಅವರು ತಮ್ಮ ಮೊಮ್ಮಗಳನ್ನು ಕೂಗಿ ಕರೆದರು: "ಬಾ ಪುಟ್ಟಿ, ಕಾಯಿ ದೀಪ ನೋಡು ಬಾ."

ಬಿನ್ನಿಪೇಟೆಯಿಂದ ಚಾಮರಾಜಪೇಟೆ, ಬಸವನಗುಡಿಗಳನ್ನು ಹಾದು ಲಾಲ್‌ಬಾಗನ್ನು ತಲುಪಿದರೆ ಈ ಮರದ ಭಾರತೀಯ ಅಧ್ಯಾಯಕ್ಕೆ ಹಿನ್ನೆಲೆ ಸಿಗುತ್ತದೆ. 1760ರ ಸುಮಾರಿಗೆ ಹೈದರಾಲಿ ಆರಂಭಿಸಿ, ಟಿಪ್ಪುಸುಲ್ತಾನ್ ದೇಶವಿದೇಶಗಳ ಸಸಿಗಳಿಂದ ಸಮೃದ್ಧಗೊಳಿಸಿದ ಈ ತೋಟ ಹತ್ತೊಂಬತ್ತನೆಯ ಶತಮಾನದಲ್ಲಿ ಆರ್ಥಿಕ ಮಹತ್ವದ ಸಸ್ಯಗಳ ಮಹಾಪ್ರಯೋಗಶಾಲೆಯೇ ಆಗಿತ್ತು. 1874ರಿಂದ ಅದರ ಸೂತ್ರ ಹಿಡಿದ ಜಾನ್ ಕ್ಯಾಮರಾನ್ ಅವಧಿಯಲ್ಲಿ ಪರದೇಶದ ಎಷ್ಟೋ ಗಿಡಗಳು ಇಲ್ಲಿ ಒಗ್ಗಿಕೊಂಡು, ಬಳಿಕ ಮೈಸೂರು ಸಂಸ್ಥಾನದ ಹಿತ್ತಿಲು, ತೋಟಗಳಿಗೆ ಪಸರಿಸಿದವು. ಸೀಮೆಬದನೆಯನ್ನು ನಮ್ಮ ಪಲ್ಯದ ಬಾಣಲೆಗೆ ತಂದ ಹಿರಿಮೆಯೂ ಅವರದೇ. ನಾಡು ಅಕ್ರೋಡೂ ಇಂಥ ವಲಸೆಗಾರರ ಬಳಗಕ್ಕೆ ಸೇರಿದ್ದು. ಲಾಲ್‌ಬಾಗ್‌ನಲ್ಲಿ, ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳ ಬದುವಿನಲ್ಲಿ, ಹಳೆಯ ಬಂಗಲೆಗಳ ಆವರಣದಲ್ಲಿ ಅದು ನೆರಳಿಗಾಗಿ, ಅಂದಕ್ಕಾಗಿ ಬೆಳೆದು ನಿಂತಿದೆ.

ಇಷ್ಟಾದರೂ ಅದರ ಕಾಯಿಗೆ ನಮ್ಮಲ್ಲಿ ಮಾರುಕಟ್ಟೆ ಹುಟ್ಟಲಿಲ್ಲ. ಇಂಡೋನೇಷ್ಯಾದ ಸುಲಾವೇಸಿಯಲ್ಲಿ, ಪೂರ್ವ ತಿಮೋರಿನಲ್ಲಿ ಸಾವಿರಾರು ಕುಟುಂಬಗಳು ಬಿದ್ದ ಕಾಯಿ ಆಯ್ದು, ಒಣಗಿಸಿ, ಒಡೆದು ಮಾರಿ ಬದುಕುತ್ತಿವೆ. ನಮ್ಮ ತೋಟಗಳಲ್ಲಿ ಅದೇ ಕಾಯಿ ಮಳೆಗಾಲದಲ್ಲಿ ಉದುರಿ ತರಗೆಲೆಯಡಿಯಲ್ಲಿ ಕರಗುತ್ತದೆ. ತೋಟದ ಆಳುಗಳ ಮಕ್ಕಳು ಬುಗುರಿಯಂತೆ ತಿರುಗಿಸಿ ಆಡಿದರೆ ಅದೇ ಹೆಚ್ಚು. ನಾಲ್ಕಾರು ವರ್ಷಕ್ಕೆಲ್ಲ ಫಲ ಕೊಡುವ, ಬಲಿತರೆ ವರ್ಷಕ್ಕೆ ಸುಮಾರು 30ರಿಂದ 80 ಕಿಲೋ ಕಾಯಿ ಸುರಿಯುವ, ಆರೈಕೆಯನ್ನೇ ಕೇಳದ ವೃಕ್ಷವಿದು. ಒಣಗುವ ಎಣ್ಣೆಗಾಗಿ ಅಗಸೆಯನ್ನೇ ನೆಚ್ಚಿಕೊಂಡಿರುವ ನಾಡಿನಲ್ಲಿ, ಕಾಫಿಗೆ ನೆರಳೂ ಆಗಿ ಎಣ್ಣೆಯೂ ಆಗುವ ಮರವನ್ನು ಹೀಗೆ ಅಲಂಕಾರಕ್ಕೆ ಬಿಟ್ಟಿರುವುದು ನಷ್ಟವೇ ಸರಿ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಮರ ನಮ್ಮಲ್ಲೇ ಇದೆ, ಹೆಸರೂ ನಮ್ಮದೇ. ಆಯುವ ಕೈ ಮಾತ್ರ ಬೇಕು.

ಬೀಜ ಮೊಳೆಯಿಸುವುದೂ ಒಂದು ಕಲೆ. ಕರಟ ಎಷ್ಟು ಗಟ್ಟಿಯೆಂದರೆ ಸುಮ್ಮನೆ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಸದ್ದಿರುವುದಿಲ್ಲ. ಬಲ್ಲವರು ಬೀಜಗಳನ್ನು ನೆಲದ ಮೇಲೆ ಹರಡಿ, ಮೇಲೆ ತೆಳುವಾಗಿ ಒಣಹುಲ್ಲು ಹೊದಿಸಿ ಬೆಂಕಿಯಿಡುತ್ತಾರೆ. ಹುಲ್ಲು ಭಗ್ಗನೆ ಉರಿದು ಆರಿದ ಕೂಡಲೇ ಬೀಜಗಳನ್ನು ತಣ್ಣೀರಿಗೆ ಎಸೆಯುತ್ತಾರೆ. ಕರಟದಲ್ಲಿ ಕೂದಲೆಳೆಯ ಬಿರುಕು ಬಿದ್ದು ನೀರಿಗೆ ದಾರಿಯಾಗುತ್ತದೆ. ಬೆಳಕಿನ ಮರದ ಜನನಕ್ಕೂ ಬೆಂಕಿಯೇ ಸೂಲಗಿತ್ತಿ.

ಜಗಲಿಯ ದೀಪ ಐದನೆಯ ತಿರುಳಿನೊಂದಿಗೆ ನಂದಿದಾಗ ಒಂದು ಗಂಟೆಯ ಮೇಲೆ ಕೆಲವು ನಿಮಿಷ ಕಳೆದಿತ್ತು. ಕಡ್ಡಿಯ ಮೇಲೆ ಐದು ಕಪ್ಪು ಗಂಟುಗಳು, ಗೋಡೆಯ ಮೇಲೆ ಬೆರಳಗಲದ ಕಾಡಿಗೆಯ ಗೆರೆ. ಚೀಲದಲ್ಲಿ ಉಳಿದದ್ದು ನಾಲ್ಕು ಕಾಯಿ. ಹುಲ್ಲು ಹೊದಿಸಿ ಸುಟ್ಟು, ಹಿತ್ತಿಲಿನ ಹಳೆಯ ಎಣ್ಣೆ ಡಬ್ಬದಲ್ಲಿ ಊರಿದೆವು. ಮೂರು ಸುದ್ದಿಯಿಲ್ಲದೆ ಉಳಿದವು. ಸಂಕ್ರಾಂತಿಯ ಎಳ್ಳು ಬೀರುವ ದಿನ ನಾಲ್ಕನೆಯದು ಕರಟವನ್ನು ತಲೆಯ ಮೇಲೆ ಹೊತ್ತುಕೊಂಡೇ ಮಣ್ಣಿನಿಂದ ಮೇಲೆದ್ದಿತ್ತು. ಪುಟ್ಟಿ ಈಗ ದಿನಾ ಬೆಳಗ್ಗೆ ಲೋಟದಲ್ಲಿ ನೀರು ತಂದು ಹಾಕುತ್ತಾಳೆ. ಮೊದಲ ಎಲೆ ಬಿಚ್ಚಿದ ದಿನ ಅದನ್ನು ಮೆಲ್ಲಗೆ ಸವರಿ, ಬೆರಳ ತುದಿಗೆ ಹತ್ತಿದ ಬಿಳಿ ಹುಡಿಯನ್ನು ಅಜ್ಜನಿಗೆ ತೋರಿಸಲು ಓಡಿದಳು.